ಯಾವ ಕೆಲಸಕ್ಕೆ ಚಿಕ್ಕವನು? ಮೊದಲ ಸುತ್ತಿನ ಒಬ್ಬ ರೂಕಿಯ ಪ್ರಕರಣ

ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುತ್ತಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ದಯೆ ಇಲ್ಲ. 107 ಕೆ.ಜಿ.ಯ ಹುಡುಗನ ಎದುರಿಗೆ 145 ಕೆ.ಜಿ.ಯ ಆಳು ಕೈ ಚಾಚಿಕೊಂಡು ನಿಂತಿರುತ್ತಾನೆ. ಅವನನ್ನು ದಾಟಿ ಹೋಗಬೇಕು, ಅದೂ ಮೂರು ಸೆಕೆಂಡಿನೊಳಗೆ. ಹಾಗಾಗಿ ಅಲ್ಲಿ ಒಬ್ಬ ಡಿಫೆಂಡರ್ ಬಗ್ಗೆ ಮಾತು ಶುರುವಾದರೆ ಮೊದಲು ಬರುವುದು ಎತ್ತರ ಮತ್ತು ತೂಕ. ಆಟ ಆಮೇಲೆ.

ಈ ಬರಹ ಅಂಥ ಒಬ್ಬ ಹುಡುಗನ ಬಗ್ಗೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಎನ್‌ಎಫ್‌ಎಲ್, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಮೊದಲ 15 ಆಯ್ಕೆಗಳ ಒಳಗೇ ಬಂದವನು. ಹೀಗೆ ಲೀಗಿಗೆ ಕಾಲಿಟ್ಟ ಮೊದಲ ವರ್ಷದವನನ್ನು ರೂಕಿ ಅನ್ನುತ್ತಾರೆ. ಹೆಸರು, ತಂಡ, ಕೋಚ್‌ಗಳು ಯಾರನ್ನೂ ಹೇಳುವುದಿಲ್ಲ. ಎನ್‌ಎಫ್‌ಎಲ್ ತಪ್ಪದೆ ನೋಡುವವರು ಅರ್ಧ ದಾರಿಯಲ್ಲೇ ಕಂಡುಹಿಡಿದಾರು, ಪರವಾಗಿಲ್ಲ. ನನಗೆ ಬೇಕಿರುವುದು ಅವನ ಸುತ್ತ ಬೇರೆಯವರು ತೆಗೆದುಕೊಂಡ ತೀರ್ಮಾನಗಳು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಹೇಳಿ ಮುಗಿಸಬಹುದಾದ ಕಥೆ ಇದಲ್ಲ. ಮೂರು ವರ್ಷ ಕೀರ್ತಿಯ ಸುಳಿವೇ ಇರಲಿಲ್ಲ.

ಎಲ್ಲಿಂದ ಬಂದ

ಹೈಸ್ಕೂಲಿನ ಕೊನೆಯ ಎರಡು ವರ್ಷ ಗಾಯದಲ್ಲೇ ಕಳೆದುಹೋದವು. ಆಡಿದ್ದೇ ಕಮ್ಮಿ, ಹಾಗಾಗಿ ಕಾಲೇಜುಗಳು ತಿರುಗಿ ನೋಡಲಿಲ್ಲ. ವಿದ್ಯಾರ್ಥಿವೇತನ ಇಲ್ಲದೆ, ಸ್ವಂತ ಖರ್ಚಿನಲ್ಲಿ ಒಂದು ವಿಶ್ವವಿದ್ಯಾಲಯದ ತಂಡ ಸೇರಿದ. ಇಂಥವರನ್ನು ಅಲ್ಲಿ ವಾಕ್-ಆನ್ ಅನ್ನುತ್ತಾರೆ. ಕರೆಯದೆ ಬಂದ ನೆಂಟ ಅಂತಿಟ್ಟುಕೊಳ್ಳಿ. ಬಂದಾಗ ಅವನ ಜಾಗ ತೀರ ಹಿಂದೆ, ಪಾಸ್ ತಡೆಯುವ ಡಿಫೆನ್ಸಿವ್ ಬ್ಯಾಕ್‌ಗಳ ಸಾಲಿನಲ್ಲಿ. ಒಂದು ಹಂತದಲ್ಲಿ ತಂಡದಿಂದ ಹೊರಗೇ ಹೋಗುವ ಪರಿಸ್ಥಿತಿ ಬಂತು. ಅಷ್ಟರಲ್ಲಿ ಕೋಚ್ ಬದಲಾದರು, ಹುಡುಗ ಉಳಿದುಕೊಂಡ.

ಹೊಸ ಕೋಚ್ ಬಳಗ ಮಾಡಿದ್ದು ಒಂದೇ ಕೆಲಸ. ಅವನನ್ನು ಹಿಂದಿನಿಂದ ಎತ್ತಿ ಮುಂದೆ, ಅಂಚಿಗೆ ತಂದು ನಿಲ್ಲಿಸಿದರು. ಮೈ ತುಂಬಿಕೊಂಡಿದ್ದ, ಆದರೆ ಡಿಫೆನ್ಸಿವ್ ಬ್ಯಾಕ್‌ನ ಕಾಲುಗಳು ಹಾಗೇ ಉಳಿದಿದ್ದವು. ಕೊನೆಯ ವರ್ಷ ಎದುರಾಳಿಯನ್ನು ಅವನದೇ ಗೆರೆಯ ಹಿಂದೆ ಕೆಡವಿದ್ದು 20ಕ್ಕೂ ಹೆಚ್ಚು ಸಲ.

ಈ ಆಟ ಹೊಸದಾಗಿರುವವರಿಗೆ ಸ್ವಲ್ಪ ವಿವರ ಬೇಕು. ಅಂಚಿನಲ್ಲಿ ನಿಲ್ಲುವವನನ್ನು ಎಡ್ಜ್ ಅನ್ನುತ್ತಾರೆ. ಚೆಂಡು ಅಲುಗಿದ ಕ್ಷಣ ಚಿಮ್ಮಬೇಕು, ಎದುರಿಗೆ ಅಡ್ಡ ನಿಂತ ದೈತ್ಯ, ಅಂದರೆ ಟ್ಯಾಕಲ್‌ನನ್ನು, ಸುತ್ತುಹಾಕಿ ಹೋಗಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯಬೇಕು. ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ನಡುವೆ, ಸಾಲಿಗಿಂತ ನಾಲ್ಕೈದು ಗಜ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ನ ಕೆಲಸ ಬೇರೆ. ಅವನು ಮೊದಲು ನೋಡಬೇಕು, ಆಮೇಲೆ ಓಡಬೇಕು. ಎಡ್ಜ್‌ನವನು ಮೊದಲು ಓಡುತ್ತಾನೆ, ಓಡುತ್ತ ನೋಡುತ್ತಾನೆ. ಇದಿಷ್ಟು ನೆನಪಿಟ್ಟುಕೊಂಡರೆ ಸಾಕು, ಪ್ರಕರಣದ ಗಂಟು ಇಲ್ಲೇ ಇದೆ.

ಟೇಪು ಹಿಡಿದ ದಿನಗಳು

ಪ್ರತಿ ವರ್ಷ ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ನಡೆಯುತ್ತದೆ. ದನದ ಜಾತ್ರೆ ನೋಡಿದವರಿಗೆ ಅದನ್ನು ವಿವರಿಸುವುದು ಸುಲಭ. ಬರಿಗಾಲಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ, ಇಂಚಿನ ಎಂಟನೇ ಒಂದು ಭಾಗದ ತನಕ. ತೂಕ, ತೋಳಿನ ಉದ್ದ, ಅಂಗೈ ಅಗಲ, ಎಲ್ಲ ಬರೆದುಕೊಳ್ಳುತ್ತಾರೆ. 40 ಗಜ ಓಡಿಸುತ್ತಾರೆ, 225 ಪೌಂಡ್ ಅಂದರೆ 102 ಕೆ.ಜಿ. ಭಾರವನ್ನು ಎಷ್ಟು ಸಲ ಎತ್ತುತ್ತಾನೆ ಎಣಿಸುತ್ತಾರೆ. ಹಲ್ಲು ಎಣಿಸುವುದೊಂದು ಬಾಕಿ.

ನಮ್ಮ ಹುಡುಗನ ಲೆಕ್ಕ ಹೀಗಿತ್ತು. ಎತ್ತರ 6 ಅಡಿ ಒಂದೂವರೆ ಇಂಚು. ತೂಕ 107 ಕೆ.ಜಿ. ಆಸುಪಾಸು. ತೋಳು 33 ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ಈ 33 ಇಂಚು ಎಡ್ಜ್ ಆಟಗಾರರಿಗೆ ಸ್ಕೌಟ್‌ಗಳು, ಅಂದರೆ ತಂಡಗಳಿಗಾಗಿ ಆಟಗಾರರನ್ನು ನೋಡಿ ಅಳೆಯುವವರು, ಎಳೆದುಕೊಂಡಿರುವ ಒಂದು ಗೆರೆ. ಕಾರಣ ಸುಮ್ನೆ ಅಲ್ಲ. ಟ್ಯಾಕಲ್‌ನ ತೋಳು ಉದ್ದ ಇದ್ದರೆ ಅವನ ಕೈ ಮೊದಲು ನಿನ್ನ ಎದೆಗೆ ತಾಗುತ್ತದೆ. ತಾಗಿದ ಮೇಲೆ 145 ಕೆ.ಜಿ. ಮಾತಾಡುತ್ತದೆ. ಆದರೆ ಅದೇ ಹುಡುಗ 40 ಗಜವನ್ನು ನಾಲ್ಕೂವರೆ ಸೆಕೆಂಡಿನ ಆಸುಪಾಸಿನಲ್ಲಿ ಓಡಿದ, ನಿಂತಲ್ಲಿಂದ 11 ಅಡಿ ದಾಟಿ ಜಿಗಿದ. ಆ ತೂಕದವರು ಹಾಗೆ ಜಿಗಿಯುವುದು ಅಪರೂಪ.

ಅದಕ್ಕೂ ಮೊದಲು, ಜನವರಿಯಲ್ಲಿ, ಅಲಬಾಮಾದ ಮೊಬೀಲ್‌ನಲ್ಲಿ ಸೀನಿಯರ್ ಬೌಲ್ ನಡೆದಿತ್ತು. ಕಾಲೇಜು ಮುಗಿಸುವ ಆಟಗಾರರನ್ನು ಒಂದು ವಾರ ಅಭ್ಯಾಸ ಮಾಡಿಸಿ ಪಂದ್ಯ ಆಡಿಸುತ್ತಾರೆ. ಸ್ಕೌಟ್‌ಗಳು ಬೇಲಿಯ ಮೇಲೆ ಕಾಗೆ ಕೂತ ಹಾಗೆ ಕೂತಿರುತ್ತಾರೆ. ಅಲ್ಲಿ ಅವನನ್ನು ನಡುವಿನ ಲೈನ್‌ಬ್ಯಾಕರ್ ಜಾಗದಲ್ಲಿ ಆಡಿಸಿ ನೋಡಿದರು. ಎಂದೂ ಆಡದ ಜಾಗ. ಒಂದು ವಾರದಲ್ಲಿ ಚೆನ್ನಾಗಿಯೇ ಆಡಿದ. ಅವನ ಬೆಲೆ ಏರಿತು. ಎರಡನೇ ಸುತ್ತಿನವನು ಅಂದುಕೊಂಡಿದ್ದವನು ಮೊದಲ ಸುತ್ತಿನ ಮಾತಿಗೆ ಬಂದ.

ನನ್ನ ಲೆಕ್ಕದಲ್ಲಿ ಅವನಿಗೆ ಅತಿ ಹೆಚ್ಚು ದುಡ್ಡು ತಂದುಕೊಟ್ಟ ವಾರವೂ ಅದೇ, ಅತಿ ಹೆಚ್ಚು ಹಾನಿ ಮಾಡಿದ ವಾರವೂ ಅದೇ. ಎಡ್ಜ್‌ಗೆ ಚಿಕ್ಕವನಾದರೆ ಏನಂತೆ, ನಡುವೆ ಆಡುತ್ತಾನಲ್ಲ, ಎಂಬ ಉತ್ತರ ಅಲ್ಲಿ ಹುಟ್ಟಿಕೊಂಡಿತು. ಗಾತ್ರದ ಅನುಮಾನ ಪರಿಹಾರವಾದ ಹಾಗೆ ಕಂಡಿತು. ಆದರೆ ಆಗಿದ್ದೇನು? ಅವನು ಮಾಡಿ ತೋರಿಸಿದ್ದ ಕೆಲಸವನ್ನು ಪಕ್ಕಕ್ಕಿಟ್ಟು, ಅವನ ಅಳತೆಗೆ ಹೊಂದುವ ಕೆಲಸ ಹುಡುಕಿದ್ದು. ಬಟ್ಟೆ ಚಿಕ್ಕದಾಯ್ತು ಅಂತ ಬೇರೆ ಆಳಿಗೆ ತೊಡಿಸಿದ ಹಾಗೆ.

ಆಯ್ಕೆಯ ಸಂಖ್ಯೆ ತಂದ ಗಡಿಯಾರ

ಡ್ರಾಫ್ಟ್‌ನಲ್ಲಿ 32 ತಂಡಗಳು, 7 ಸುತ್ತು. ಹಿಂದಿನ ವರ್ಷ ತೀರ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ನಾಲ್ಕನೇ ಸುತ್ತಿನಲ್ಲಿ ಬಂದವನು ಮೊದಲ ವರ್ಷ ಬೆಂಚ್ ಕಾಯಿಸಿದರೆ ಯಾರೂ ಕೇಳುವುದಿಲ್ಲ. ಮೊದಲ 15ರಲ್ಲಿ ಬಂದವನಿಗೆ ಆ ಸುಖ ಇಲ್ಲ. ಆರಿಸಿದ ಮ್ಯಾನೇಜರ್‌ನ ಮರ್ಯಾದೆ ಅವನ ಬೆನ್ನ ಮೇಲೆ ಕೂತಿರುತ್ತದೆ.

ಇದರ ಜೊತೆ ಕರಾರಿನ ಲೆಕ್ಕವೂ ಇದೆ. 2011ರಲ್ಲಿ ಲೀಗಿಗೂ ಆಟಗಾರರ ಸಂಘಕ್ಕೂ ಆದ ಒಪ್ಪಂದದ ನಂತರ ಮೊದಲ ಸುತ್ತಿನವರಿಗೆ ನಾಲ್ಕು ವರ್ಷದ ಕರಾರು. ಐದನೇ ವರ್ಷ ಬೇಕೋ ಬೇಡವೋ ಎಂಬುದು ತಂಡದ ಕೈಯಲ್ಲಿ. ಆ ನಿರ್ಧಾರ ಮೂರನೇ ಸೀಸನ್ ಮುಗಿದ ಮೇಲೆ, ಮೇ ತಿಂಗಳ ಆರಂಭದೊಳಗೆ ಆಗಬೇಕು. ಅಂದರೆ ಹುಡುಗನಿಗೆ ಸಿಗುವುದು ಮೂರು ಸೀಸನ್. ಆ ಮೂರರಲ್ಲಿ ಅವನು ಯಾರು ಎಂದು ಗೊತ್ತಾಗಬೇಕು. ಆಗಿನ ಲೆಕ್ಕದಲ್ಲಿ ಅವನ ಐದನೇ ವರ್ಷದ ಬೆಲೆ ಸುಮಾರು 1 ಕೋಟಿ ಡಾಲರ್.

ಗಾತ್ರದ ಅನುಮಾನ ಒಂದು ಕಡೆ, ಈ ಗಡಿಯಾರ ಇನ್ನೊಂದು ಕಡೆ. ಬೇರೆ ಬೇರೆಯಾಗಿ ಇದ್ದಿದ್ದರೆ ಎರಡನ್ನೂ ನಿಭಾಯಿಸಬಹುದಿತ್ತು. ಜೊತೆಗೆ ಬಂದದ್ದೇ ತೊಂದರೆ. ಹೊಸ ಕೆಲಸ ಕಲಿಯಲು ಸಮಯ ಬೇಕು, ಆದರೆ ಮೊದಲ ಸುತ್ತಿನವನಿಗೆ ಸಮಯವೇ ಇರುವುದಿಲ್ಲ.

ಮೂರು ವರ್ಷ, ಮೂರು ಪ್ರಯೋಗ

ಮೊದಲ ವರ್ಷ. ನಡುವಿನ ಒಬ್ಬ ಹಳೆಯ ಆಟಗಾರ ಗಾಯದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಹಾಗಾಗಿ ರೂಕಿಯನ್ನು ಮೊದಲ ಪಂದ್ಯದಿಂದಲೇ ಆ ಜಾಗಕ್ಕೆ ಇಳಿಸಿದರು. ಕೆಲವು ವಾರ ಕಳೆದಿಲ್ಲ, ಅಂಚಿನ ಒಬ್ಬ ಆಟಗಾರನ ಮಂಡಿ ಹೋಯಿತು. ಇವನನ್ನು ಅಂಚಿಗೆ ಕಳಿಸಿದರು. ಒಳಗಿನ ಪಾಠ ಅರ್ಧ, ಹೊರಗಿನ ಪಾಠ ಅರ್ಧ. ವರ್ಷದ ಕೊನೆಗೆ ಎರಡೂವರೆ ಸ್ಯಾಕ್.

ಆ ಚಳಿಗಾಲದಲ್ಲಿ ಮುಖ್ಯ ಕೋಚ್ ನಿವೃತ್ತರಾದರು. ಹೊಸಬರು ಬಂದರು, ಡಿಫೆನ್ಸ್‌ನ ಪದ್ಧತಿಯನ್ನೇ ಬದಲಾಯಿಸಿದರು. ಮುಂದೆ ಮೂವರು ನಿಲ್ಲುವ ಕಡೆ ನಾಲ್ವರು. ಆ ಪದ್ಧತಿಯಲ್ಲಿ ಅಂಚಿನವನು ಇನ್ನೂ ದಪ್ಪ ಇರಬೇಕು ಎಂಬ ನಂಬಿಕೆ, ಹಾಗಾಗಿ ಇವನು ಮತ್ತೆ ಹಿಂದೆ ಸರಿದ. ನಾಲ್ಕು ಸ್ಯಾಕ್, ಚೆಂಡು ಹಿಡಿದವನನ್ನು ಕೆಡವಿದ್ದು ಒಂದಷ್ಟು ಸಲ. ಕೆಟ್ಟ ವರ್ಷ ಅಂತ ಹೇಳಲಾಗದು, ಆದರೆ ನೋಡಿದವರಿಗೆ ಏನೂ ನೆನಪು ಉಳಿಯಲಿಲ್ಲ. ತಂಡ ಸೋತು ಸುಣ್ಣವಾಯಿತು. ಆ ಕೋಚ್‌ಗೂ ಒಂದೇ ವರ್ಷಕ್ಕೆ ಬಾಗಿಲು ತೋರಿಸಿದರು.

ಮೂರನೇ ವರ್ಷ, ಮೂರನೇ ಕೋಚ್, ಮೂರನೇ ಡಿಫೆನ್ಸ್ ಮೇಷ್ಟ್ರು. ಮತ್ತೆ ನಡುವಿನ ಜಾಗ. ಸೀಸನ್ ಅರ್ಧ ದಾಟುವ ಹೊತ್ತಿಗೆ ಆ ಜಾಗವನ್ನೂ ಕಿತ್ತುಕೊಂಡು ಬೇರೆಯವನಿಗೆ ಕೊಟ್ಟರು. ಕೊನೆಯ ಕೆಲವು ವಾರ ಅಂಚಿನಲ್ಲಿ ನಿಲ್ಲಿಸಿದರು, ಉಳಿದ ಹಿಟ್ಟನ್ನು ಉಳಿದ ಕಾವಲಿಗೆ ಹಾಕಿದ ಹಾಗೆ. ವರ್ಷಕ್ಕೆ ಒಂದು ಸ್ಯಾಕ್.

ಮೂರು ವರ್ಷ ಕೂಡಿಸಿದರೆ ಏಳೂವರೆ.

ನಡುವೆ ಅವನು ಯಾಕೆ ಸೋತ ಅನ್ನುವುದನ್ನು ಒಂದು ಆಟದಲ್ಲೇ ತೋರಿಸಬಹುದು. ಚೆಂಡು ಎತ್ತುತ್ತಾರೆ. ಎದುರಾಳಿಯ ಎಡಗಡೆಯ ಗಾರ್ಡ್, ಅಂದರೆ ಟ್ಯಾಕಲ್‌ನ ಒಳಮಗ್ಗುಲಲ್ಲಿ ನಿಲ್ಲುವ ಆಳು, ತನ್ನ ಜಾಗ ಬಿಟ್ಟು ಬಲಕ್ಕೆ ಓಡುತ್ತಾನೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಒಂದು ಹೆಜ್ಜೆ ಎಡಕ್ಕೆ ಇಡುತ್ತಾನೆ. ಇವೆರಡರಲ್ಲಿ ಯಾವುದು ನಿಜ, ಯಾವುದು ನಾಟಕ? ಹತ್ತು ವರ್ಷದಿಂದ ಆ ಜಾಗದಲ್ಲಿ ಆಡಿದವನು ಗಾರ್ಡ್‌ನ ಸೊಂಟ ನೋಡಿದವನೇ ಬಲಕ್ಕೆ ಹೊರಟಿರುತ್ತಾನೆ. ನಮ್ಮವನು ಒಂದು ಹೆಜ್ಜೆ ಎಡಕ್ಕೆ ಇಟ್ಟು, ಇಲ್ಲ ಅಂತ ಗೊತ್ತಾಗಿ, ಬಲಕ್ಕೆ ತಿರುಗುತ್ತಾನೆ. ಅರ್ಧ ಸೆಕೆಂಡ್ ಹೋಯಿತು. ಅಷ್ಟರಲ್ಲಿ ಆ ಗಾರ್ಡ್ ಅವನ ಮೈಮೇಲೆ ಬಂದಿರುತ್ತಾನೆ. ನೋಡಿದವರು ಹೇಳುವುದು, ನೋಡಿ ಹುಡುಗ ಚಿಕ್ಕವನು, ಗಾರ್ಡ್ ಗುದ್ದಿ ಬೀಳಿಸಿದ ಅಂತ. ಬೀಳಿಸಿದ್ದು ಆ ಅರ್ಧ ಸೆಕೆಂಡು.

ಇನ್ನೊಂದು ಮಾತು. ನಾಲ್ಕೂವರೆ ಸೆಕೆಂಡಿನ ಕಾಲುಗಳಿಗೆ ಅಲ್ಲಿ ಬೆಲೆಯೇ ಇಲ್ಲ. ಅನುಮಾನದಲ್ಲಿರುವವನು ಎಷ್ಟು ಜೋರಾಗಿ ಓಡಿದರೂ ತಡವೇ. ಕಬಡ್ಡಿಯಲ್ಲಿ ಕಾರ್ನರ್‌ನಲ್ಲಿ ನಿಂತು ಕಾಲು ಹಿಡಿಯುವುದರಲ್ಲಿ ಎತ್ತಿದ ಕೈ ಆಗಿರುವವನನ್ನು ದಿನಾ ರೇಡ್‌ಗೆ ಕಳಿಸಿ, ಪಾಯಿಂಟ್ ತರಲಿಲ್ಲ ಅಂತ ಬೈದ ಹಾಗೆ.

ತಂಡವನ್ನು ಪೂರ್ತಿ ದೂರುವುದಕ್ಕೂ ಆಗುವುದಿಲ್ಲ. ಅಂಚಿನಲ್ಲಿ ಅವರಿಗೆ ಆಗಲೇ ಲೀಗಿನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ ಇದ್ದ. ಇನ್ನೊಂದು ಅಂಚಿಗೆ ಹಳೆಯ ತಲೆಗಳನ್ನು ತರುತ್ತಿದ್ದರು. ನಡುವೆ ಮಾತ್ರ ಖಾಲಿ ಇತ್ತು. ಖಾಲಿ ಇದ್ದ ಕಡೆ ಹೊಸಬನನ್ನು ತುಂಬುವುದು ಎಲ್ಲ ಆಫೀಸಿನಲ್ಲೂ ಇದ್ದದ್ದೇ, ಅಲ್ವಾ? ಪ್ರತಿ ಕೋಚ್ ತನ್ನ ಮಟ್ಟಿಗೆ ಸರಿಯಾದ್ದನ್ನೇ ಮಾಡಿದ. ಮೂವರ ಸರಿಗಳನ್ನು ಕೂಡಿಸಿದಾಗ ಒಂದು ತಪ್ಪು ಬಂತು.

ಬೇಡ ಅಂದ ವರ್ಷ

ಮೇ ತಿಂಗಳು ಬಂತು. ತಂಡ ಐದನೇ ವರ್ಷ ಬೇಡ ಅಂದಿತು. ಯಾರೂ ಆಶ್ಚರ್ಯಪಡಲಿಲ್ಲ. ಪತ್ರಿಕೆಗಳಲ್ಲಿ ಅವನ ಹೆಸರಿನ ಮುಂದೆ ಬಸ್ಟ್ ಎಂಬ ಮಾತು ಆಗಲೇ ಅಂಟಿಕೊಂಡಿತ್ತು, ಅಂದರೆ ದುಡ್ಡು ದಂಡ.

ವಿಚಿತ್ರ ಅಂದರೆ ಅವನ ದಾರಿ ತೆರೆದದ್ದೇ ಈ ನಿರ್ಧಾರದಿಂದ. ಇನ್ನು ಅವನಿಂದ ಯಾರಿಗೂ ಏನೂ ಬೇಕಿರಲಿಲ್ಲ. ನಡುವಿನ ಜಾಗಕ್ಕೆ ತಂಡ ಆ ವರ್ಷದ ಡ್ರಾಫ್ಟ್‌ನಲ್ಲಿ ಮತ್ತೊಬ್ಬನನ್ನು ಮೊದಲ ಸುತ್ತಿನಲ್ಲೇ ತಂದಿತ್ತು. ಉಳಿದದ್ದು ಒಂದೇ ಜಾಗ, ಅಂಚು. ಕಾಲೇಜಿನಲ್ಲಿ ಆಡಿದ್ದ ಅದೇ ಜಾಗ. ನಾಲ್ಕನೇ ವರ್ಷದ ಆರಂಭದಲ್ಲಿ ಅಲ್ಲಿ ಸರದಿಯ ಮೇಲೆ ಆಡುತ್ತಿದ್ದ. ಐದನೇ ಪಂದ್ಯದಲ್ಲಿ ಆ ದೊಡ್ಡ ಹೆಸರಿನ ಎಡ್ಜ್ ಆಟಗಾರನ ತೋಳಿಗೆ ಪೆಟ್ಟಾಗಿ ಇಡೀ ಸೀಸನ್ ಹೊರಗುಳಿದ. ಈಗ ಇವನು ಬಿಟ್ಟರೆ ಬೇರೆ ಯಾರೂ ಇಲ್ಲ.

ಡಿಸೆಂಬರ್‌ನ ಒಂದು ಭಾನುವಾರ. ಅಲ್ಲಿ ಮಧ್ಯಾಹ್ನ 1 ಗಂಟೆ, ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಪಂದ್ಯ ನಡೆದದ್ದು ಅವನು ಹುಟ್ಟಿ ಬೆಳೆದ ರಾಜ್ಯದಲ್ಲೇ. ಕೊರೊನಾ ಕಾಲ, ಕುರ್ಚಿಗಳೆಲ್ಲ ಖಾಲಿ. ಆ ದಿನ ಅವನು ಐದು ಸ್ಯಾಕ್ ಮಾಡಿದ. ಒಂದೇ ಪಂದ್ಯದಲ್ಲಿ ಐದು. ಆ ತಂಡದ ಚರಿತ್ರೆಯಲ್ಲಿ ಯಾರೂ ಮಾಡಿರಲಿಲ್ಲ. ಮೂರು ಸಲ ಕ್ವಾರ್ಟರ್‌ಬ್ಯಾಕ್‌ಗಳ ಕೈಯಿಂದ ಚೆಂಡನ್ನೂ ಹೊಡೆದು ಬೀಳಿಸಿದ.

ಅವನು ಹೇಗೆ ಹೋಗುತ್ತಿದ್ದ ಅನ್ನುವುದನ್ನು ನಿಧಾನವಾಗಿ ನೋಡಬೇಕು. ಚೆಂಡು ಅಲುಗುವುದಕ್ಕೂ ಅವನ ಮೊದಲ ಹೆಜ್ಜೆಗೂ ನಡುವೆ ಬೆರಳು ತೂರಿಸುವಷ್ಟು ಜಾಗ ಇರುವುದಿಲ್ಲ. ಎರಡನೇ ಹೆಜ್ಜೆಗೆ ಟ್ಯಾಕಲ್‌ನ ಭುಜದ ಹೊರಗೆ ಇರುತ್ತಾನೆ. ಮೂರನೇ ಹೆಜ್ಜೆಯಲ್ಲಿ ಒಳಗಡೆಯ ಭುಜವನ್ನು ತಗ್ಗಿಸುತ್ತಾನೆ, ಎಷ್ಟು ಅಂದರೆ ಟ್ಯಾಕಲ್‌ನ ಕೈಗಳು ಅವನ ಬೆನ್ನ ಮೇಲೆ ಗಾಳಿ ಹಿಡಿಯುತ್ತವೆ. ಆರೂವರೆ ಅಡಿಯ ಮನುಷ್ಯ ಅಷ್ಟು ಬಗ್ಗಿ ತಡೆಯಬೇಕು ಅಂದರೆ ಸೊಂಟ ಮುರಿಯಬೇಕು, ಬಗ್ಗಿದರೆ ಕಾಲು ನಿಲ್ಲುವುದಿಲ್ಲ. ನಮ್ಮ ಗರಡಿಮನೆಯಲ್ಲಿ ಪೈಲ್ವಾನರು ಕೆಳಗಿನಿಂದ ಹಿಡಿ ಅನ್ನುವುದು ಇದಕ್ಕೇ. ಯಾವ ಎತ್ತರವನ್ನು ಕೊರತೆ ಅಂತ ಬರೆದುಕೊಂಡಿದ್ದರೋ ಆ ಎತ್ತರವೇ ಅಲ್ಲಿ ಅವನ ಪಟ್ಟು. ನಡುವೆ ನಿಂತಾಗ ಆ ಪಟ್ಟು ಹಾಕುವ ಸಂದರ್ಭವೇ ಬರುತ್ತಿರಲಿಲ್ಲ.

ಪೂರ್ತಿ ಪ್ರಾಮಾಣಿಕವಾಗಿ ಹೇಳುವುದಾದರೆ, ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಅಂದು ತೊಡೆಯ ಸ್ನಾಯು ನೋವಿನಲ್ಲೇ ಆಡಲು ಇಳಿದಿದ್ದ. ಓಡಿ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ವರ್ಷದ ಒಟ್ಟು ಹನ್ನೆರಡೂವರೆ ಸ್ಯಾಕ್‌ನಲ್ಲಿ ಐದು ಒಂದೇ ದಿನದ್ದು. ಅನುಮಾನಪಡುವವರಿಗೆ ಅಷ್ಟು ಸಾಕಾಯಿತು.

ಮಾರುಕಟ್ಟೆಯೂ ಅನುಮಾನಿಸಿತು. ಹನ್ನೆರಡೂವರೆ ಸ್ಯಾಕ್ ಮಾಡಿದವನಿಗೆ ಸಿಕ್ಕಿದ್ದು ಒಂದು ವರ್ಷದ ಕರಾರು, ಸುಮಾರು 60 ಲಕ್ಷ ಡಾಲರ್. ಹಳೆಯ ತಂಡ ಬೇಡ ಅಂದಿದ್ದ ಬೆಲೆಗಿಂತಲೂ ಕಡಿಮೆ. ಕೊಟ್ಟವರು ಯಾರು ಗೊತ್ತಾ? ಕಾಲೇಜಿನಲ್ಲಿ ಅವನನ್ನು ಉಳಿಸಿಕೊಂಡ ಅದೇ ಕೋಚ್, ಅಷ್ಟರಲ್ಲಿ ಎನ್‌ಎಫ್‌ಎಲ್‌ಗೆ ಬಂದಿದ್ದರು. ಅವರು ಪ್ರಯೋಗ ಮಾಡಲಿಲ್ಲ. ಅಂಚಿನಲ್ಲಿ ನಿಲ್ಲಿಸಿದರು. 11 ಸ್ಯಾಕ್. ಮರುವರ್ಷ ಬೇರೆ ತಂಡ, ಮೂರು ವರ್ಷಕ್ಕೆ ನಾಲ್ಕೂವರೆ ಕೋಟಿ ಡಾಲರ್, ಮೊದಲ ಸೀಸನ್‌ನಲ್ಲೇ 16. ಅದರ ಮರುವರ್ಷ ಮತ್ತೆ 11. ಸಾಲಾಗಿ ನಾಲ್ಕು ವರ್ಷ ಎರಡಂಕಿ.

ಅದಾದ ಮೇಲೆ ದುಡ್ಡಿನ ಜಗಳ, ಮುನಿಸು, ಒಂದು ಖಾಲಿ ಸೀಸನ್, ಎಲ್ಲ ಬಂದವು. ಅವಕ್ಕೂ ಗಾತ್ರಕ್ಕೂ ಸಂಬಂಧ ಇಲ್ಲ, ಬಿಟ್ಟುಬಿಡುತ್ತೇನೆ.

ಪಕ್ಕದಲ್ಲಿಟ್ಟು ನೋಡಿದರೆ

ಒಂದೇ ಪ್ರಕರಣ ಹಿಡಿದು ಮಾತಾಡುವುದು ಅಪಾಯ. ಹಾಗಾಗಿ ಹೆಸರು ಹೇಳಬಹುದಾದ ಕೆಲವರನ್ನು ಪಕ್ಕದಲ್ಲಿ ನಿಲ್ಲಿಸೋಣ.

ಆರನ್ ಡೊನಾಲ್ಡ್ 2014ರಲ್ಲಿ 13ನೇ ಆಯ್ಕೆ. ಎತ್ತರ 6 ಅಡಿ 1 ಇಂಚಿನ ಒಳಗೆ, ತೂಕ 129 ಕೆ.ಜಿ. ಸಾಲಿನ ಒಳಗಡೆ ನಿಲ್ಲುವ ಡಿಫೆನ್ಸಿವ್ ಟ್ಯಾಕಲ್‌ಗೆ ಇದು ಕಡಿಮೆ ಅಂತ ಆಗ ಎಲ್ಲರೂ ಬರೆದರು. ರ್‍ಯಾಮ್ಸ್ ತಂಡ ಅವನಿಗೆ ಬೇರೆ ಕೆಲಸ ಹುಡುಕಲಿಲ್ಲ. ಕಾಲೇಜಿನಲ್ಲಿ ಮಾಡಿದ್ದನ್ನೇ ಮಾಡು ಅಂದಿತು. ಮೊದಲ ವರ್ಷವೇ 9 ಸ್ಯಾಕ್, ಆ ವರ್ಷದ ಅತ್ಯುತ್ತಮ ಡಿಫೆನ್ಸಿವ್ ರೂಕಿ. ಆಮೇಲೆ 2017, 2018, 2020ರಲ್ಲಿ ಇಡೀ ಲೀಗಿನ ಅತ್ಯುತ್ತಮ ಡಿಫೆಂಡರ್. 2024ರಲ್ಲಿ ನಿವೃತ್ತನಾಗುವಾಗ ಖಾತೆಯಲ್ಲಿ 111 ಸ್ಯಾಕ್.

ಡ್ವೈಟ್ ಫ್ರೀನಿ 2002ರಲ್ಲಿ 11ನೇ ಆಯ್ಕೆ, ಎತ್ತರ 6 ಅಡಿ 1 ಇಂಚು. ಇಷ್ಟು ಗಿಡ್ಡನನ್ನು ಇಷ್ಟು ಮೇಲೆ ಯಾಕೆ ಎಂದು ಕೇಳಿದವರಿದ್ದರು. ಕೋಲ್ಟ್ಸ್ ಅವನನ್ನು ಅಂಚಿನಿಂದ ಕದಲಿಸಲಿಲ್ಲ. ಮೊದಲ ವರ್ಷ 13 ಸ್ಯಾಕ್. ಎಲ್ವಿಸ್ ಡೂಮರ್ವಿಲ್ 6 ಅಡಿಯೂ ಇರಲಿಲ್ಲ, 2006ರಲ್ಲಿ ನಾಲ್ಕನೇ ಸುತ್ತಿನ ತನಕ ಕಾಯಬೇಕಾಯಿತು. 2009ರಲ್ಲಿ 17 ಸ್ಯಾಕ್‌ನೊಂದಿಗೆ ಲೀಗಿಗೇ ಮೊದಲಿಗ. ಅವನ ಮೇಲೆ ನಿರೀಕ್ಷೆಯೇ ಇರಲಿಲ್ಲವಾದ್ದರಿಂದ ಯಾರೂ ಅವನನ್ನು ತಿದ್ದಲು ಹೋಗಲಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನೊಂದು ತುದಿಯೂ ಇದೆ. 2008ರಲ್ಲಿ 6ನೇ ಆಯ್ಕೆಯಾಗಿ ಬಂದ ಒಬ್ಬ ಎಡ್ಜ್ ಆಟಗಾರ. ಅಳತೆಯಲ್ಲಿ ಎಲ್ಲೂ ಕೊರತೆಯಿಲ್ಲ, ಟೇಪು ಹಿಡಿದವರೆಲ್ಲ ಖುಷಿಪಟ್ಟಿದ್ದರು. ತನ್ನನ್ನು ಆರಿಸಿದ ತಂಡಕ್ಕೆ ಮೂರು ವರ್ಷ ಆಡಿ ಒಂದೇ ಒಂದು ಸ್ಯಾಕ್ ಮಾಡಲಿಲ್ಲ.

ತೀರ್ಮಾನಗಳ ಬಗ್ಗೆ

ಹಾಗಂತ ಗಾತ್ರದ ಅನುಮಾನ ಸುಳ್ಳಾಗಿತ್ತೇ? ಇಲ್ಲ. ಎದುರಾಳಿ ಚೆಂಡು ಹಿಡಿದು ನೇರ ಇವನ ಮೇಲೇ ಓಡಿ ಬಂದಾಗ ಹಿಂದೆ ತಳ್ಳಿಸಿಕೊಳ್ಳುವುದು 16 ಸ್ಯಾಕ್ ಮಾಡಿದ ವರ್ಷದಲ್ಲೂ ಇತ್ತು. 145 ಕೆ.ಜಿ. 145 ಕೆ.ಜಿ.ಯೇ. ಆದರೆ ಆ ತಂಡ ಅದಕ್ಕೆ ಬೇರೆ ದಾರಿ ಕಂಡುಕೊಂಡಿತ್ತು. ಸಾಲಿನ ನಡುವೆ 140 ಕೆ.ಜಿ. ದಾಟಿದ ಆಳುಗಳನ್ನು ನಿಲ್ಲಿಸಿತು. ಅವರು ಓಟ ತಡೆಯಲಿ, ಇವನು ಕ್ವಾರ್ಟರ್‌ಬ್ಯಾಕ್ ಹಿಡಿಯಲಿ ಎಂಬ ಲೆಕ್ಕ. ಹುಡುಗನ ಕೊರತೆಯನ್ನು ಹುಡುಗನ ಮೈಯಲ್ಲೇ ತುಂಬಿಸಲು ಹೋಗಲಿಲ್ಲ, ಅವನ ಪಕ್ಕದಲ್ಲಿ ತುಂಬಿಸಿತು. ಮೊದಲ ತಂಡದ ಮೇಲೆ ನನ್ನ ದೂರು ಇಷ್ಟೇ: ಅವನು ಚಿಕ್ಕವನು ಅಂತ ಹೇಳಿದ್ದಕ್ಕೆ ತಕರಾರಿಲ್ಲ. ಯಾವ ಕೆಲಸಕ್ಕೆ ಚಿಕ್ಕವನು ಎಂಬುದನ್ನು ಒಂದು ಪೂರ್ತಿ ಸೀಸನ್ ಆಡಿಸಿ ನೋಡದೆ ಬರೆದುಕೊಂಡರು.

ರೂಕಿಗಳನ್ನು ತರಬೇತು ಮಾಡುವವರು ಇದರಲ್ಲಿ ಎತ್ತಿಕೊಳ್ಳಬಹುದಾದ ಜಾಗ, ನನ್ನ ಪ್ರಕಾರ, ಸೀನಿಯರ್ ಬೌಲ್‌ನ ಆ ವಾರ. ಹುಡುಗ ಹೊಸದೊಂದನ್ನು ಚೆನ್ನಾಗಿ ಮಾಡಿದಾಗ ಎರಡು ಅರ್ಥ ಬರುತ್ತವೆ. ಇವನು ಇದನ್ನೂ ಮಾಡಬಲ್ಲ ಅನ್ನುವುದು ಒಂದು. ಇವನು ಇದನ್ನೇ ಮಾಡಬೇಕು ಅನ್ನುವುದು ಇನ್ನೊಂದು. ಮೊಬೀಲ್‌ನ ಬೇಲಿಯ ಮೇಲೆ ಕೂತವರು ಮೊದಲನೆಯದನ್ನು ನೋಡಿ ಎರಡನೆಯದನ್ನು ಬರೆದುಕೊಂಡು ಹೋದರು. ಅಲ್ಲಿಂದ ಮುಂದೆ ಯಾರೂ ಆ ಚೀಟಿಯನ್ನು ತೆಗೆದು ಮತ್ತೆ ಓದಲಿಲ್ಲ, ಯಾಕಂದರೆ ಓದಬೇಕಾದವರು ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದರು. ಕೊನೆಗೂ ಅವನನ್ನು ಅಂಚಿಗೆ ತಂದದ್ದು ಯಾರ ಜಾಣತನವೂ ಅಲ್ಲ. ಒಂದು ಬೇಡ, ಒಬ್ಬ ಹೊಸ ಆಟಗಾರ, ಒಬ್ಬನ ತೋಳಿನ ಗಾಯ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಅವನ ಕಥೆ ಬಸ್ಟ್ ಎಂಬ ಪಟ್ಟಿಯಲ್ಲಿ ಮುಗಿಯುತ್ತಿತ್ತು, ನಾವೂ ತಲೆಯಾಡಿಸಿ ಹೌದು ಚಿಕ್ಕವನು ಅಂತಿದ್ದೆವು.

ಕೊನೆಗೆ ಒಂದು ಆಟ. 16 ಸ್ಯಾಕ್ ಮಾಡಿದ ಆ ಸೀಸನ್‌ನ ಜನವರಿ, ಗೆದ್ದವರು ಸೂಪರ್ ಬೌಲ್‌ಗೆ, ಅಂದರೆ ಲೀಗಿನ ಫೈನಲ್‌ಗೆ, ಹೋಗುವ ಪಂದ್ಯ. ಮೊದಲ ಕ್ವಾರ್ಟರ್ ಇನ್ನೂ ಮುಗಿದಿಲ್ಲ. ಎದುರಾಳಿ ತಂಡ ಆ ಅಂಚಿನಲ್ಲಿ ಇವನನ್ನು ತಡೆಯಲು ಟ್ಯಾಕಲ್ ಅಲ್ಲ, ಪಾಸ್ ಹಿಡಿಯುವ ಕೆಲಸವೂ ಇರುವ ಒಬ್ಬ ಟೈಟ್ ಎಂಡ್‌ನನ್ನು ನಿಲ್ಲಿಸಿತ್ತು. ಒಂಟಿಯಾಗಿ, ಸಹಾಯಕ್ಕೆ ಯಾರೂ ಇಲ್ಲ. ಅವನು ಇವನಿಗಿಂತ ಎತ್ತರ, ಇವನಿಗಿಂತ ಭಾರ. ಚೆಂಡು ಅಲುಗಿತು. ಹುಡುಗ ಹೊರಗಿನಿಂದ ಸುತ್ತು ಹಾಕಿದ, ಟೈಟ್ ಎಂಡ್ ಹಿಂದೆ ಉಳಿದ. ಕ್ವಾರ್ಟರ್‌ಬ್ಯಾಕ್ ಎಸೆಯಲು ತೋಳು ಹಿಂದಕ್ಕೆ ತೆಗೆದಿದ್ದ, ಆ ತೋಳಿಗೇ ಏಟು ಬಿತ್ತು. ರೆಫ್ರಿ ಮೊದಲು ಅದನ್ನು ಪಾಸ್ ಅಂದರು. ಇವನ ತಂಡದವರು ಆಕ್ಷೇಪ ಎತ್ತಿದರು, ರಿಪ್ಲೇ ನೋಡಿ, ಪಾಸ್ ಅಲ್ಲ, ಕೈಯಿಂದ ಬೀಳಿಸಿದ ಚೆಂಡು ಅಂತ ತೀರ್ಪು ಬದಲಾಯಿತು. ಬಿಳಿ ಜೆರ್ಸಿಯ ಆ ಕ್ವಾರ್ಟರ್‌ಬ್ಯಾಕ್ ಅಷ್ಟರಲ್ಲಿ ಮೊಣಕೈ ಹಿಡಿದುಕೊಂಡು ಗೆರೆಯಾಚೆ ನಡೆದಿದ್ದ.